ಪೀಠೋಪಕರಣದ ಆಯುಷ್ಯವನ್ನು ಮಳೆಗಾಲದಲ್ಲಿ ಎಣಿಸಿ

ಸಂಪಾದಕರಿಗೆ,

ಮಾನ್ಯರೇ,

ಮದುವೆ ಹಂಗಾಮು ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯ ಬದಿಗೆ ಫಲಕಗಳು ಏಳುತ್ತವೆ. ಮಂಚ, ಕಪಾಟು, ಸೋಫಾ, ಊಟದ ಮೇಜು ಎಲ್ಲ ಸೇರಿ ಇಷ್ಟಕ್ಕೆ. ಕೆಳಗೆ ಸಣ್ಣಕ್ಷರದಲ್ಲಿ ಒಂದು ವರ್ಷದ ವಾರಂಟಿ. ಕೆಲವು ಕಡೆ ‘ಜೀವಮಾನದ ಗ್ಯಾರಂಟಿ’ ಎಂದೂ ಇರುತ್ತದೆ; ಯಾರ ಜೀವಮಾನ ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ಇಂಥ ಸಾಮಾನು ಎಷ್ಟು ಕಾಲ ಬಾಳಬೇಕು, ಎಷ್ಟು ಬಾಳಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬ ಬಗ್ಗೆ ಮರಗೆಲಸದ ಕಡೆಯಿಂದ ನಾಲ್ಕು ಮಾತು ಬರೆಯುವುದು ಅಗತ್ಯ ಅನ್ನಿಸಿತು.

‘ಎಷ್ಟು ವರ್ಷ ಬರುತ್ತದೆ?’ ಎಂದು ಗಿರಾಕಿ ಕೇಳುತ್ತಾರೆ. ಹುಬ್ಬಳ್ಳಿಯ ವರ್ಷವೂ ಕುಮಟೆಯ ವರ್ಷವೂ ಮರದ ಪಾಲಿಗೆ ಒಂದೇ ಅಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಮೂರು ಸಾವಿರ ಮಿಲಿಮೀಟರ್‌ ಆಸುಪಾಸು ಮಳೆ ಸುರಿಯುತ್ತದೆ. ಆರಿದ್ರಾದಿಂದ ಆಶ್ಲೇಷಾವರೆಗೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬಟ್ಟೆ ಒಣಗದ ಮನೆಯಲ್ಲಿ ಕಪಾಟು ಮಾತ್ರ ಒಣಗಿರುತ್ತದೆ ಎಂದುಕೊಳ್ಳುವುದು ತಪ್ಪು. ಸಾಮಾನು ಕೆಡುವುದೆಲ್ಲ ಹೆಚ್ಚುಕಡಿಮೆ ಆ ನಾಲ್ಕು ತಿಂಗಳಲ್ಲೇ. ಹಾಗಾಗಿ ಇಲ್ಲಿ ‘ಎಷ್ಟು ಮಳೆಗಾಲ ತಡೆಯುತ್ತದೆ?’ ಎಂದು ಕೇಳಬೇಕು. ಡಿಸೆಂಬರಿನಲ್ಲಿ ಕೊಂಡ ಸಾಮಾನಿನ ಒಂದು ವರ್ಷದ ವಾರಂಟಿ ಎಂದರೆ ಒಂದೇ ಮಳೆಗಾಲ. ಮೊದಲ ಮಳೆಗಾಲವನ್ನು ಎಂಥ ಕಳಪೆ ಕಪಾಟೂ ದಾಟುತ್ತದೆ. ತೊಂದರೆ ಕಾಣುವುದು ಎರಡನೆಯದರಲ್ಲಿ, ಮೂರನೆಯದರಲ್ಲಿ.

ಕಾನೂನು ಹೇಳುವ ಒಂದು ಅಂಕಿ ಇದೆ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಸಾಮಾನ್ಯ ಪೀಠೋಪಕರಣಕ್ಕೆ 10 ವರ್ಷ, ಹೋಟೆಲು, ಶಾಲೆ ಮೊದಲಾದ ಕಡೆ ಬಳಸುವುದಕ್ಕೆ 8 ವರ್ಷ ಎಂದಿದೆ. ಅದು ಲೆಕ್ಕಪುಸ್ತಕದಲ್ಲಿ ಬೆಲೆ ಇಳಿಸುವ ಸಲುವಾಗಿ ಬರೆದ ಅಂಕಿ, ಮನೆಯ ಮಂಚಕ್ಕೆ ಅಲ್ಲ. ಆದರೂ ಒಂದು ಅಳತೆಗೋಲಾಗಿ ಇಟ್ಟುಕೊಳ್ಳಬಹುದು: ದಿನಕ್ಕೆ ನೂರು ಜನ ಕೂತೇಳುವ ಹೋಟೆಲಿನ ಕುರ್ಚಿಗೇ ಎಂಟು ವರ್ಷ ಎಂದಾದರೆ, ನಾಲ್ಕು ಜನರ ಮನೆಯ ಕುರ್ಚಿ ನಾಲ್ಕೇ ವರ್ಷಕ್ಕೆ ಗುಜರಿಗೆ ಹೋಗುವುದನ್ನು ಸಹಜ ಎನ್ನಲಾಗದು.

ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಪಾಲಿಶ್ ಮಾಡಿದರೆ ಅದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಏಪ್ರಿಲ್‌, ಮೇ ತಿಂಗಳಲ್ಲಿ ನಮ್ಮ ಕಡೆ ಮನೆಯೊಳಗಿನ ಮರದಲ್ಲಿ ಶೇ 13ರಷ್ಟು ನೀರಿನಂಶ ಇದ್ದರೆ, ಆಗಸ್ಟ್ ಹೊತ್ತಿಗೆ ಅದು ಶೇ 17–18ಕ್ಕೆ ಏರುತ್ತದೆ. ಉದ್ದಕ್ಕೆ ಮರ ಬೆಳೆಯುವುದಿಲ್ಲ, ಬೆಳೆಯುವುದು ಅಗಲಕ್ಕೆ. ಸಾಗವಾನಿ ಎಲ್ಲಕ್ಕಿಂತ ಕಡಿಮೆ ಆಡುವ, ಅಂದರೆ ಹಿಗ್ಗಿ ಕುಗ್ಗುವ, ಮರಗಳಲ್ಲಿ ಒಂದು. ಆದರೂ ಚಪ್ಪಟೆ ಕೊಯ್ದ ಎರಡಡಿ ಅಗಲದ ಸಾಗವಾನಿ ಹಲಗೆ ಈ ಐದು ಅಂಶದ ವ್ಯತ್ಯಾಸಕ್ಕೆ ಐದಾರು ಮಿಲಿಮೀಟರ್‌ ಹಿಗ್ಗುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ನೇರ ಕೊಯ್ದ ಹಲಗೆಯಾದರೆ ಅದರ ಅರ್ಧ. ಮಾವು, ಅಕೇಶಿಯಾ ಇನ್ನೂ ಹೆಚ್ಚು ಆಡುತ್ತವೆ.

ಒಂದು ಡ್ರಾವರನ್ನೇ ನೋಡಿ. ಮುಂಭಾಗದ ಪಟ್ಟಿ ಎಂಟು ಅಂಗುಲ ಎತ್ತರ. ಮೇ ತಿಂಗಳಲ್ಲಿ ಕೀಸಿ ಕೂರಿಸಿದ ಆಚಾರಿ ಮೇಲೆ ಎರಡು ಮಿಲಿಮೀಟರ್‌ ಸಂದು ಬಿಟ್ಟಿದ್ದರೆ ಆಗಸ್ಟಿನಲ್ಲಿ ಆ ಸಂದು ಮುಚ್ಚಿಕೊಂಡು ಡ್ರಾವರ್ ಸರಿಯಾಗಿ ಓಡುತ್ತದೆ. ಗಿರಾಕಿಗೆ ಸಂದು ಕಾಣಬಾರದೆಂದು ಕಾಗದ ಹಿಡಿಯುವಷ್ಟೇ ಜಾಗ ಬಿಟ್ಟರೆ ಮೊದಲ ಮಳೆಗೇ ಡ್ರಾವರ್ ಕಚ್ಚಿಕೊಳ್ಳುತ್ತದೆ. ಮನೆಯವರು ಹಿಡಿಕೆ ಹಿಡಿದು ಜಗ್ಗುತ್ತಾರೆ, ಮುಂಭಾಗದ ಕೂಡು (ಮರಕ್ಕೆ ಮರ ಸೇರುವ ಜೋಡಣೆ) ಬಿಟ್ಟುಕೊಳ್ಳುತ್ತದೆ, ಸೆಪ್ಟೆಂಬರಿನಲ್ಲಿ ಆಚಾರಿಯನ್ನು ಕರೆಸಿ ಕೀಸಿಸುತ್ತಾರೆ, ಫೆಬ್ರವರಿಯಲ್ಲಿ ಅದೇ ಡ್ರಾವರ್ ಸಡಿಲವಾಗಿ ಗಡಗಡ ಎನ್ನುತ್ತದೆ. ಕಚ್ಚಿಕೊಂಡ ಡ್ರಾವರನ್ನು ಮಳೆಗಾಲದಲ್ಲಿ ಕೀಸಬಾರದು. ಪಕ್ಕದ ಪಟ್ಟಿಗಳಿಗೆ ಮೇಣದಬತ್ತಿ ಉಜ್ಜಿ ದೀಪಾವಳಿವರೆಗೆ ಕಾಯಬೇಕು. ಆಮೇಲೂ ಕಚ್ಚಿದರೆ ಆಗ ಕೀಸಬೇಕು. ಹೊಸದಾಗಿ ಮಾಡಿಸುವವರು ಆಚಾರಿಯನ್ನು ‘ಸಂದು ಯಾಕೆ ಬಿಟ್ಟಿರಿ?’ ಎಂದು ಗದರುವ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರ್‌ ನೋಡುವುದು ಒಳ್ಳೆಯದು.

ಮೇಜಿನ ಹಲಗೆಯದೂ ಇದೇ ಕತೆ. ಅಗಲ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ನಾಲ್ಕೂ ಕಡೆ ಸ್ಕ್ರೂ ಬಿಗಿದು, ಅಂಟು ಹಚ್ಚಿ ಕೂರಿಸಿದರೆ ಬೇಸಿಗೆಯಲ್ಲಿ ಅದು ನಟ್ಟನಡುವೆ ಸೀಳುತ್ತದೆ. ಸ್ಕ್ರೂ ತೂತನ್ನು ಹಲಗೆ ಹಿಗ್ಗುವ ದಿಕ್ಕಿಗೆ ಉದ್ದಕ್ಕೆ, ಕಾಲಂಗುಲದಷ್ಟಾದರೂ ಎಳೆದಿರಬೇಕು, ಅಂಟು ಹಚ್ಚಬಾರದು. ಅಂಗಡಿಯಲ್ಲಿ ಮೇಜಿನ ಕೆಳಗೆ ಬಗ್ಗಿ ನೋಡಿದರೆ ಇದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಬಗ್ಗಿ ನೋಡಲು ಸಂಕೋಚ ಬೇಡ, ಹಣ ನಿಮ್ಮದು.

ಇನ್ನು ಮರ. ದಾಂಡೇಲಿ, ಹಳಿಯಾಳದ ಕಾಡು ಸಾಗವಾನಿಯ ಹೆಸರು ಹೇಳಿ ಮಾರುವುದೆಲ್ಲ ಅಲ್ಲಿಯದಲ್ಲ. ಅಲ್ಲಿಯದೇ ಆದರೂ ಎಲ್ಲ ಸಾಗವಾನಿಯೂ ಒಂದೇ ಅಲ್ಲ. ಬಾಳುವುದು ಒಳಗಿನ ಕಂದು ಚೇಗು. ಹೊರಗಿನ ಬಿಳಿ ಭಾಗಕ್ಕೆ ಒರಲೆಯೂ (ಗೆದ್ದಲು) ಮರ ಕೊರೆಯುವ ಕುಟ್ಟೆಹುಳವೂ ಮಾವಿಗೆ ಹಿಡಿದಷ್ಟೇ ಬೇಗ ಹಿಡಿಯುತ್ತವೆ. ಹದಿನೈದು ಇಪ್ಪತ್ತು ವರ್ಷಕ್ಕೇ ಕಡಿದ ತೋಟದ ಸಾಗವಾನಿಯಲ್ಲಿ ಚೇಗು ಕಡಿಮೆ, ಬಿಳಿ ಹೆಚ್ಚು. ಬಣ್ಣದ ಪಾಲಿಶ್ ಬಳಿದರೆ ಎರಡೂ ಒಂದೇ ಕಂದಾಗುತ್ತವೆ. ಹಾಗಾಗಿ ಪಾಲಿಶ್ ಕಾಣದ ಜಾಗ ನೋಡಬೇಕು: ಡ್ರಾವರಿನ ಬೆನ್ನು, ಮಂಚದ ಅಡ್ಡಪಟ್ಟಿಯ ಒಳಮೈ, ಕಾಲಿನ ತಳ. ಹಲಸು ನಮ್ಮ ಮನೆಗಳ ನಂಬಿಗಸ್ತ ಮರ. ಕೊಯ್ದಾಗ ಹಳದಿ, ವರ್ಷ ಕಳೆದಂತೆ ಕೆಂಪುಗಂದಾಗುತ್ತದೆ. ಒಣಗಿದ ಹಲಸಿನ ಚೇಗಿನ ಕುರ್ಚಿ, ಕಪಾಟು ಸಾಗವಾನಿಗೆ ಹೆಚ್ಚು ಕಡಿಮೆಯೇನೂ ಆಗುವುದಿಲ್ಲ. ಹೆಬ್ಬಲಸು, ಹೊನ್ನೆ ಕೂಡ ಗಟ್ಟಿ. ಮತ್ತಿ ಭಾರ, ಒಣಗುವಾಗ ಸೀಳುತ್ತದೆ. ತೊಲೆಗೆ ಸರಿ, ಡ್ರಾವರಿಗೆ ಬೇಡ. ಕರಾವಳಿಯ ಗುಡ್ಡಗಳಲ್ಲೆಲ್ಲ ಇರುವ ಅಕೇಶಿಯಾ ಗಟ್ಟಿಮರವೇ, ಆದರೆ ಹಸಿಯಾಗಿ ಬಳಸಿದರೆ ತಿರುಚಿಕೊಳ್ಳುತ್ತದೆ. ಅಕೇಶಿಯಾಕ್ಕೆ ಕೆಟ್ಟ ಹೆಸರು ಬಂದದ್ದು ಮರದಿಂದಲ್ಲ, ಅವಸರದಿಂದ.

ಒಣಗಿಸುವ ಲೆಕ್ಕ ಹಳೆಯದೇ: ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ. ಹಲಗೆಗಳ ನಡುವೆ ಎರಡಡಿಗೊಂದು ಅಂಗುಲದ ರೀಪು ಕೊಟ್ಟು, ತುದಿಗಳಿಗೆ ಬಣ್ಣ ಬಳಿದು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಬೇಕು. ಒಣಗಿದೆಯೇ ಎಂದು ತಿಳಿಯಲು ಯಂತ್ರವೇ ಬೇಕೆಂದಿಲ್ಲ. ಹಲಗೆಯ ತುದಿಯಿಂದ ಒಂದಡಿ ಒಳಗೆ ಸಣ್ಣ ತುಂಡು ಕತ್ತರಿಸಿ ತೂಗಿ, ಓವನ್‌ನಲ್ಲಿ ನೂರು ಡಿಗ್ರಿಯ ಆಸುಪಾಸಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ಮತ್ತೆ ತೂಗಬೇಕು. 115 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ನೀರಿನಂಶ ಶೇ 15. ಕರಾವಳಿಯ ಮನೆಗೆ ಇದು ಸಾಕು. 125 ಇದ್ದದ್ದು 100ಕ್ಕೆ ಇಳಿದರೆ ಆ ಮರಕ್ಕೆ ಉಳಿ ಮುಟ್ಟಿಸಬಾರದು.

ಚೇಗಿನ ಮರ, ಒಣಗಿದ ಹಲಗೆ, ಕುಳಿ ಕೊರೆದು ಕೂರಿಸಿದ ಕೂಡು, ಈ ಮೂರೂ ಇದ್ದರೆ ಮಂಚ ನಲವತ್ತು ಐವತ್ತು ಮಳೆಗಾಲ ದಾಟಬೇಕು. ದಾಟದಿದ್ದರೆ ಎಲ್ಲೋ ತಪ್ಪಾಗಿದೆ. ಇದು ಹೆಚ್ಚಿನ ನಿರೀಕ್ಷೆಯಲ್ಲ. ಶಿರಸಿ, ಸಿದ್ದಾಪುರದ ಹಳೆ ಮನೆಗಳ ಜಗಲಿಯಲ್ಲಿ ಅದಕ್ಕೂ ಹಿಂದಿನ ತೂಗುಮಂಚಗಳು ಇಂದಿಗೂ ತೂಗುತ್ತಿವೆ. ತೂಗುಮಂಚದಲ್ಲಿ ಮರಕ್ಕಿಂತ ಮೊದಲು ಸವೆಯುವುದು ಕೊಂಡಿ. ವರ್ಷಕ್ಕೊಮ್ಮೆ ಸರಪಳಿ ಇಳಿಸಿ, ಕೊಂಡಿಗೆ ಬಳೆ ತಾಗುವ ಜಾಗ ನೋಡಿ. ದಪ್ಪದ ಕಾಲುಭಾಗ ಸವೆದಿದ್ದರೆ ಕೊಂಡಿ ಬದಲಿಸಿ, ಮಂಚ ಹಾಗೇ ಇರಲಿ.

ಈಗ ಹೆಚ್ಚು ಮಾರಾಟವಾಗುತ್ತಿರುವುದು ಮರವಲ್ಲ, ಹಲಗೆ ಮಾಡಿದ ಮರದ ಪುಡಿ. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರುಗಳನ್ನು ಯೂರಿಯಾ ಅಂಟಿನಲ್ಲಿ ಕಲಸಿ ಒತ್ತಿದ್ದು. ಎಂಡಿಎಫ್ ಎಂದರೆ ಅದಕ್ಕಿಂತ ನುಣ್ಣನೆಯ ನಾರು. ಯೂರಿಯಾ ಅಂಟು ಬಿಸಿ ಮತ್ತು ತೇವ ಎರಡೂ ಸೇರಿದಲ್ಲಿ ಕ್ರಮೇಣ ಬಿಡುತ್ತದೆ, ಚೂರುಗಳು ಉಬ್ಬುತ್ತವೆ. ಉಬ್ಬಿದ ಮರ ಒಣಗಿದರೆ ಮೊದಲಿನ ಅಳತೆಗೆ ಬರುತ್ತದೆ. ಉಬ್ಬಿದ ಪಾರ್ಟಿಕಲ್ ಬೋರ್ಡ್ ಬರುವುದಿಲ್ಲ. ವ್ಯತ್ಯಾಸವೆಲ್ಲ ಇಲ್ಲಿದೆ. ಮೇಲೆ ಕೆಳಗೆ ಲ್ಯಾಮಿನೇಟ್ ಹಾಸಿರುವುದರಿಂದ ನೀರು ಹೋಗುವುದು ಅಂಚಿನಿಂದ, ಸ್ಕ್ರೂ ತೂತಿನಿಂದ, ನೆಲಕ್ಕೆ ತಾಗಿದ ತಳದಿಂದ. ನೆಲ ಒರೆಸುವ ಬಟ್ಟೆಯ ನೀರು ದಿನಾ ತಳಕ್ಕೆ ತಾಗಿದರೆ ಎರಡನೇ ಮಳೆಗಾಲದಲ್ಲಿ ತಳ ಹೂವಿನಂತೆ ಅರಳುತ್ತದೆ.

ಇದನ್ನು ಕೊಳ್ಳಲೇಬಾರದು ಎಂದಲ್ಲ. ಬಾಡಿಗೆ ಮನೆಯವರಿಗೆ, ಮೂರು ವರ್ಷಕ್ಕೊಮ್ಮೆ ವರ್ಗವಾಗುವವರಿಗೆ ಅಗ್ಗದ ಹಗುರ ಕಪಾಟು ಬೇಕೇ ಬೇಕು. ಆದರೆ ಘಟ್ಟದಾಚೆಯ ಒಣ ಊರಾದ ಮುಂಡಗೋಡಿನಲ್ಲಿ ಎಂಟು ವರ್ಷ ಬರುವ ಪಾರ್ಟಿಕಲ್ ಬೋರ್ಡ್ ಕಪಾಟು ಕಾರವಾರದ ಕಡಲಬದಿಯ ಮನೆಯಲ್ಲಿ ನಾಲ್ಕೈದು ಮಳೆಗಾಲಕ್ಕೆ ಮುಗಿಯುತ್ತದೆ ಎಂದು ತಿಳಿದು ಕೊಳ್ಳಬೇಕು, ಬೆಲೆಯೂ ಆ ಲೆಕ್ಕಕ್ಕೇ ಇರಬೇಕು. ಉದಾಹರಣೆಗೆ ಹನ್ನೆರಡು ಸಾವಿರದ ಕಪಾಟು ನಾಲ್ಕು ಮಳೆಗಾಲ ಬಂದರೆ ಮಳೆಗಾಲಕ್ಕೆ ಮೂರು ಸಾವಿರ. ನಲವತ್ತೈದು ಸಾವಿರದ ಮರದ ಕಪಾಟು ಮೂವತ್ತು ಮಳೆಗಾಲ ಬಂದರೆ ಮಳೆಗಾಲಕ್ಕೆ ಒಂದೂವರೆ ಸಾವಿರ. ಸಮಸ್ಯೆ ಏನೆಂದರೆ ನಲವತ್ತೈದು ಸಾವಿರ ಒಮ್ಮೆಗೇ ಕೈಯಲ್ಲಿರುವುದಿಲ್ಲ; ಅದು ಆಚಾರಿಗೂ ಗೊತ್ತು. ಅಂಥವರಿಗೆ ನಡುವಿನ ದಾರಿ ಪ್ಲೈವುಡ್.

ಪ್ಲೈವುಡ್ ಕೊಳ್ಳುವಾಗ ಬಾಯಿಮಾತಿನ ‘ವಾಟರ್‌ಪ್ರೂಫ್’ ನಂಬಬೇಡಿ, ಹಾಳೆಯ ಮೇಲಿನ ಮುದ್ರೆ ಓದಿ. ಐಎಸ್ (ಭಾರತೀಯ ಮಾನಕ) 303 ಎಂದಿದ್ದು ಎಂಆರ್, ಅಂದರೆ ಅಲ್ಪ ತೇವ ತಡೆಯುವ ದರ್ಜೆ, ಎಂದಿದ್ದರೆ ಅದು ಒಣ ಊರಿನ ಪ್ಲೈವುಡ್. ಬಿಡಬ್ಲ್ಯುಆರ್ ಎಂದರೆ ಕುದಿಯುವ ನೀರನ್ನು ಒಂದಷ್ಟು ತಡೆಯುವ ಫಿನಾಲ್ ಅಂಟಿನದು. ಕರಾವಳಿಯ ಕಪಾಟಿಗೆ ಇದಕ್ಕಿಂತ ಕೆಳಗೆ ಇಳಿಯಬಾರದು. ಐಎಸ್ 710 ಎಂದರೆ ಮರೈನ್ ದರ್ಜೆ, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬ ಪರೀಕ್ಷೆ ಅದಕ್ಕಿದೆ. ಅಡುಗೆಮನೆಯ ಸಿಂಕಿನ ಕೆಳಗೆ, ಬಚ್ಚಲ ಗೋಡೆಗೆ ತಾಗಿದ ಕಪಾಟಿಗೆ ಇದು ಬೇಕು. ಮುದ್ರೆಯ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಅಸಲಿಯೋ ಅಲ್ಲವೋ ತಿಳಿಯುತ್ತದೆ. ಸಿದ್ಧ ಕಪಾಟಿನಲ್ಲಿ ಮುದ್ರೆ ಕಾಣದು. ಹಾಗಿದ್ದರೆ ಬಿಜಾಗರಿಯ ಒಂದು ಸ್ಕ್ರೂ ಬಿಚ್ಚಿ ತೂತಿನೊಳಗೆ ನೋಡಿ: ಪದರ ಪದರ ಕಂಡರೆ ಪ್ಲೈವುಡ್, ಪುಡಿ ಉದುರಿದರೆ ಪಾರ್ಟಿಕಲ್ ಬೋರ್ಡ್, ಹಿಟ್ಟಿನಂತೆ ನುಣ್ಣಗಿದ್ದರೆ ಎಂಡಿಎಫ್. ಬಿಚ್ಚಲು ಬಿಡದ ಅಂಗಡಿಯಲ್ಲಿ ಕೊಳ್ಳದಿದ್ದರಾಯಿತು. ಅಂಚಿಗೆಲ್ಲ ಪಟ್ಟಿ ಸರಿಯಾಗಿ ಅಂಟಿಸಿದ ಒಳ್ಳೆಯ ಪ್ಲೈವುಡ್ ಕಪಾಟು ಇಪ್ಪತ್ತು ಮಳೆಗಾಲಕ್ಕೆ ಮೋಸವಿಲ್ಲ.

ಪುಸ್ತಕದ ಕಪಾಟಿನ ಅಡ್ಡಹಲಗೆ ಬಾಗುವುದಕ್ಕೆ ಬೈಸಿಕೊಳ್ಳುವುದು ಬೋರ್ಡು, ತಪ್ಪು ಉದ್ದದ್ದು. ಒಂದು ಮೀಟರ್‌ ಸಾಲು ಪುಸ್ತಕ ಇಪ್ಪತ್ತೈದು ಮೂವತ್ತು ಕಿಲೋ ತೂಗುತ್ತದೆ. 18 ಮಿಲಿಮೀಟರ್‌ ಬೋರ್ಡಿಗೆ ಮೂರಡಿ ಉದ್ದ ಕೊಟ್ಟಲ್ಲಿ ಎರಡಡಿ ಕೊಟ್ಟರೆ ಬಾಗು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಈಗಾಗಲೇ ಬಾಗಿದ್ದರೆ ಹಲಗೆ ಮಗುಚಿ ಹಾಕಿ, ಮುಂದಿನ ಅಂಚಿಗೆ ಒಂದೂವರೆ ಅಂಗುಲದ ಮರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ.

ಪಾರ್ಟಿಕಲ್ ಬೋರ್ಡ್ ಬಾಗಿಲಿನ ಬಿಜಾಗರಿ ಕಿತ್ತುಬಂದರೆ ಅದೇ ತೂತಿಗೆ ಇನ್ನೂ ದಪ್ಪ ಸ್ಕ್ರೂ ಹಾಕುವುದು ಎಲ್ಲರ ಅಭ್ಯಾಸ. ಅದು ಆರು ತಿಂಗಳ ಮದ್ದು. ಬದಲಿಗೆ ತೂತನ್ನು 10 ಮಿಲಿಮೀಟರಿಗೆ ಕೊರೆದು, ಎರಡು ಟ್ಯೂಬಿನ ಎಪಾಕ್ಸಿ ಅಂಟಿನಲ್ಲಿ ಗಟ್ಟಿಮರದ ಗುಂಡುಗೂಟ ಹೊಡೆದು, ಒಂದು ದಿನ ಬಿಟ್ಟು, ಗೂಟದ ನಡುವೆ ಸ್ಕ್ರೂ ದಪ್ಪದ ಮೂರನೇ ಎರಡು ಭಾಗದ ತೂತು ಕೊರೆದು ಬಿಗಿಯಬೇಕು. ಸುತ್ತಲಿನ ಬೋರ್ಡೇ ಉಬ್ಬಿ ಮೆತ್ತಗಾಗಿದ್ದರೆ ಮಾತ್ರ ಕೈಬಿಡಿ.

ಕಬ್ಬಿಣದ ವಿಷಯಕ್ಕೆ ಬಂದರೆ ಕರಾವಳಿಗೂ ಘಟ್ಟದ ಮೇಲಕ್ಕೂ ವ್ಯತ್ಯಾಸವಿದೆ. ಶಿರಸಿಯಲ್ಲಿ ತೇವ, ಬೂಷ್ಟು. ಕಾರವಾರ, ಅಂಕೋಲೆ, ಹೊನ್ನಾವರದಲ್ಲಿ ಅದರ ಮೇಲೆ ಉಪ್ಪುಗಾಳಿ. ಸಾದಾ ಸ್ಕ್ರೂ ತುಕ್ಕು ಹಿಡಿದು ಉಬ್ಬಿ ಮರವನ್ನು ಸೀಳುತ್ತದೆ. ಒಗರು ಹೆಚ್ಚಿರುವ ಮತ್ತಿಯಂಥ ಮರದಲ್ಲಿ ಸುತ್ತ ಕಪ್ಪು ಕಲೆ ಹರಡುತ್ತದೆ. ಕಲೆ ಕಂಡಲ್ಲಿ ಮೊಳೆ ಅರ್ಧ ತಿಂದುಹೋಗಿದೆ ಎಂದೇ ಅರ್ಥ. ಹಿತ್ತಾಳೆ ಒಳ್ಳೆಯದು, ಆದರೆ ಮೃದು. ಗಟ್ಟಿಮರಕ್ಕೆ ತಿರುಗಿಸುವಾಗ ತಲೆ ಮುರಿಯುತ್ತದೆ. ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಅದನ್ನು ತೆಗೆದು, ಹಿತ್ತಾಳೆಗೆ ಮೇಣ ಸವರಿ ಕೂರಿಸಬೇಕು. ಸಾಬೂನು ಸವರುವವರಿದ್ದಾರೆ, ಸಾಬೂನು ತೇವ ಎಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ದರ್ಜೆ ಮನೆಯೊಳಗೆ ಸಾಕು. ಕಡಲಿಗೆ ಮುಖ ಮಾಡಿದ ಜಗಲಿಯ ಸಾಮಾನಿಗೆ 316 ಹಾಕಿಸಿ. ತಗಡಿನ ಕಪಾಟು ಮೊದಲು ತಿನ್ನಿಸಿಕೊಳ್ಳುವುದು ತಳವನ್ನು. ನಾಲ್ಕು ಕಾಲಿಗೆ ಎರಡಂಗುಲ ಎತ್ತರದ ಕಲ್ಲಿನ ಬಿಲ್ಲೆ ಕೊಟ್ಟರೆ ಒರೆಸುವ ನೀರು ತಾಗದು.

ಕುರ್ಚಿ ಮುರಿಯುವುದು ಯಾವಾಗಲೂ ಒಂದೇ ಜಾಗದಲ್ಲಿ: ಹಿಂಗಾಲಿಗೆ ಪಕ್ಕದ ಪಟ್ಟಿ ಸೇರುವ ಕೂಡಿನಲ್ಲಿ. ಕೂತವರು ಹಿಂದಕ್ಕೆ ಒರಗಿ ಮುಂಗಾಲು ಎತ್ತಿದರೆ, ಒರಗುಪಟ್ಟಿ ಹದಿನೆಂಟು ಅಂಗುಲ ಎತ್ತರ, ಪಟ್ಟಿಯ ಅಗಲ ಎರಡೂವರೆ ಅಂಗುಲ, ಒರಗಿದ ಬಲ ಸುಮಾರು ಏಳು ಪಟ್ಟಾಗಿ ಆ ಕೂಡನ್ನು ಕೀಳುತ್ತದೆ. ಆ ಪಟ್ಟಿಯ ತುದಿ ಕಾಲಿನೊಳಗೆ ಒಂದೂಕಾಲು ಅಂಗುಲವಾದರೂ ಹೋಗಿರಬೇಕು, ಅದರ ದಪ್ಪ ಪಟ್ಟಿಯ ಮೂರನೇ ಒಂದು ಭಾಗ ಇರಬೇಕು. ಈಗಿನ ರಬ್ಬರ್‌ ಮರದ ಊಟದ ಕುರ್ಚಿಗಳಲ್ಲಿ ಅಲ್ಲಿ ಎರಡು ಗುಂಡುಗೂಟ, ಒಂದು ಬೋಲ್ಟು ಇರುತ್ತದೆ. ಬೋಲ್ಟನ್ನು ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ಬಿಗಿದರೆ ಹತ್ತು ಹನ್ನೆರಡು ವರ್ಷ ಬರುತ್ತದೆ. ಬಿಗಿಯದಿದ್ದರೆ ಗೂಟ ಒಳಗೇ ಆಡಿ ಆಡಿ ತೂತು ಅಗಲವಾಗುತ್ತದೆ.

ಅಲ್ಲಾಡುವ ಕುರ್ಚಿಗೆ ಮೊಳೆ ಹೊಡೆಯಬೇಡಿ. ಮೊಳೆ ಹೊಡೆದ ಕೂಡನ್ನು ಆಮೇಲೆ ಯಾವ ಆಚಾರಿಯೂ ಕ್ಷೇಮವಾಗಿ ಬಿಚ್ಚಲಾರ. ಸರಿಯಾದ ಕ್ರಮ ಹೀಗಿದೆ: ಬಟ್ಟೆ ಸುತ್ತಿದ ಮರದ ಸುತ್ತಿಗೆಯಿಂದ ತಟ್ಟಿ ಕೂಡು ಬಿಚ್ಚಬೇಕು. ಹಳೆ ಅಂಟನ್ನು ಬಿಸಿನೀರಿನ ಬಟ್ಟೆಯಲ್ಲಿ ಮೆತ್ತಗೆ ಮಾಡಿ ಉಳಿಯಿಂದ ಪೂರ್ತಿ ಕೆರೆಯಬೇಕು. ಬಿಳಿ ಅಂಟು ಹಳೆ ಬಿಳಿ ಅಂಟಿನ ಮೇಲೆ ಹಿಡಿಯುವುದಿಲ್ಲ, ಬರಿ ಮರಕ್ಕೆ ಮಾತ್ರ ಹಿಡಿಯುತ್ತದೆ. ಎರಡು ದಿನ ಒಣಗಲು ಬಿಡಬೇಕು. ತುದಿ ಸಡಿಲವಿದ್ದರೆ ತೆಳ್ಳನೆಯ ಮರದ ಸಿಪ್ಪೆ ಅಂಟಿಸಿ ದಪ್ಪ ಮಾಡಬೇಕು. ಎರಡೂ ಕಡೆ ಅಂಟು ಹಚ್ಚಿ ಕೂರಿಸಿ, ಕಾಲುಗಳ ಸುತ್ತ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿದು, ಸಮನೆಲದ ಮೇಲಿಟ್ಟು ನಾಲ್ಕೂ ಕಾಲು ತಾಗುತ್ತವೆಯೇ ನೋಡಬೇಕು. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ದಿನ ಮುಟ್ಟಬಾರದು. ಬೇಕಾದರೆ ಆಮೇಲೆ ಅಡ್ಡಕ್ಕೆ ತೂತು ಕೊರೆದು ಬಿದಿರಿನ ಆಣಿ ಹೊಡೆಯಬಹುದು. ಇಷ್ಟು ಮಾಡಿದ ಕುರ್ಚಿ ಇನ್ನೊಂದು ಹದಿನೈದು ವರ್ಷ ದೂರು ಹೇಳುವುದಿಲ್ಲ.

ಸೋಫಾದ ಆಯುಷ್ಯ ಎಂದರೆ ಮೂರು ಆಯುಷ್ಯ. ಚೌಕಟ್ಟು ಮರದ್ದಾದರೆ ಇಪ್ಪತ್ತೈದು ವರ್ಷ. ಕೂರುವ ಫೋಮ್ 40 ಸಾಂದ್ರತೆಯದಾದರೆ (ಘನಮೀಟರಿಗೆ 40 ಕಿಲೋ) ಎಂಟು ಹತ್ತು ವರ್ಷ, 32ರದಾದರೆ ಐದಾರು, ಅದಕ್ಕಿಂತ ಕಡಿಮೆಯದು ಬೆನ್ನಿಗೆ ಸರಿ, ಕೂರಲು ಬೇಡ. ಹೊದಿಕೆಯಲ್ಲಿ ಕರಾವಳಿಯವರು ಮೋಸಹೋಗುವುದು ಪಿಯು ಲೆದರ್ ಎಂಬ ಮೆತ್ತನೆಯ ಬಟ್ಟೆಯಲ್ಲಿ. ಸೆಕೆ ಮತ್ತು ತೇವಕ್ಕೆ ಅದರ ಮೇಲ್ಪದರ ತಾನಾಗಿ ಒಡೆದು, ನಾಲ್ಕನೇ ವರ್ಷದ ಹೊತ್ತಿಗೆ ಚಕ್ಕೆ ಚಕ್ಕೆಯಾಗಿ ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಕೂರದೆ ಇಟ್ಟರೂ ಹೀಗೇ ಆಗುತ್ತದೆ. ಸಾದಾ ರೆಕ್ಸಿನ್ ನೋಡಲು ಅಷ್ಟು ಚೆನ್ನಲ್ಲ, ಬಾಳಿಕೆ ಹೆಚ್ಚು. ಎಲ್ಲಕ್ಕಿಂತ ಒಳ್ಳೆಯದು ಜಿಪ್ ಇರುವ ದಪ್ಪ ಬಟ್ಟೆಯ ಕವರು. ಕವರು ಬಿಚ್ಚಲು ಬರದ ಸೋಫಾವನ್ನು ದುರಸ್ತಿ ಮಾಡುವುದೆಂದರೆ ಹೊಸದು ಮಾಡಿದಷ್ಟೇ ಖರ್ಚು.

ಇಡುವ ಜಾಗದಿಂದಲೂ ಆಯುಷ್ಯ ಅರ್ಧವಾಗುತ್ತದೆ, ಇಮ್ಮಡಿಯಾಗುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆಗೆ ಕಪಾಟು ತಾಗಿಸಬೇಡಿ, ಅದರಲ್ಲೂ ಗಾರೆ ಮಾಡದ ಚಿರೇಕಲ್ಲಿನ ಗೋಡೆಗೆ. ನಾಲ್ಕು ಅಂಗುಲ ಸಂದು ಬಿಡಿ. ಕಾಲಿನ ತಳದಲ್ಲಿ ಮರದ ಎಳೆಗಳ ಬಾಯಿ ತೆರೆದಿರುತ್ತದೆ, ಅಲ್ಲಿಂದ ನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ. ಸಾಮಾನು ಮಗುಚಿ ತಳಕ್ಕೆ ಕರಗಿಸಿದ ಮೇಣ ಅಥವಾ ಎರಡು ಕೈ ಬಣ್ಣ ಕುಡಿಸಿ. ಹಳಬರು ಗೇರುಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು, ದೋಣಿಗೆ ಹಚ್ಚಿದಂತೆ. ಒರಲೆಗೂ ಅದು ಆಗದು. ಆದರೆ ಕೈಸುಡುತ್ತದೆ, ಒಣಗಲು ವಾರಗಟ್ಟಲೆ ಬೇಕು, ಕೂರುವ ಮಲಗುವ ಜಾಗಕ್ಕೆ ಹಚ್ಚಬಾರದು.

ಕುಟ್ಟೆ ಹಿಡಿದರೆ ನೆಲದ ಮೇಲೆ ಪೌಡರಿನಂಥ ನುಣ್ಣನೆ ಪುಡಿ ಬೀಳುತ್ತದೆ. ಸೀಮೆಎಣ್ಣೆ ಸುರಿಯುವುದರಿಂದ ತಾಗಿದ ಹುಳ ಸಾಯುತ್ತದೆ, ಒಳಗಿನದು ಉಳಿಯುತ್ತದೆ. ತಡೆಯಬೇಕಾದದ್ದು ಮರ ಹಸಿಯಿದ್ದಾಗಲೇ: ನೀರಿನಲ್ಲಿ ಎರಡು ಪಾಲು ಬೋರಿಕ್ ಆಮ್ಲಕ್ಕೆ ಮೂರು ಪಾಲು ಬೊರಾಕ್ಸ್‌ನಂತೆ ಕರಗಿಸಿ, ಕೊಯ್ದ ಹಲಗೆ ಅದ್ದಿ, ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಪೇರಿಸಿಟ್ಟರೆ ಮದ್ದು ಒಳಗೆ ಇಳಿಯುತ್ತದೆ. ಆಮೇಲೆ ಒಣಗಿಸಬೇಕು. ಮಳೆ ಬೀಳುವ ಜಾಗಕ್ಕೆ ಪ್ರಯೋಜನವಿಲ್ಲ, ತೊಳೆದುಹೋಗುತ್ತದೆ. ಊಟದ ಮಣೆ, ಲಟ್ಟಣಿಗೆಗೆ ಇದನ್ನು ಹಾಕಬಾರದು.

2019ರ ಆಗಸ್ಟ್, 2021ರ ಜುಲೈ ನೆರೆಯಲ್ಲಿ ಗಂಗಾವಳಿ, ಕಾಳಿ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ನೆರೆಯಲ್ಲಿ ನೆನೆದ ಪಾರ್ಟಿಕಲ್ ಬೋರ್ಡಿಗೆ ಮದ್ದಿಲ್ಲ. ಮರದ ಸಾಮಾನನ್ನು ಮಾತ್ರ ಅವಸರದಲ್ಲಿ ಎಸೆಯಬೇಡಿ. ಕೆಸರು ಒಣಗುವ ಮೊದಲು ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಉಬ್ಬಿ ಕಚ್ಚಿದ ಡ್ರಾವರನ್ನು ಎಳೆಯದೆ, ಹಿಂದಿನ ಪ್ಲೈವುಡ್ ತಗಡು ಬಿಚ್ಚಿ ಒಳಗಿನಿಂದ ದೂಡಿ. ಬಿಸಿಲಿಗೆ ಇಡಬೇಡಿ, ಒಂದು ಮೈ ಬೇಗ ಒಣಗಿ ಸೀಳುತ್ತದೆ. ನೆರಳಿನಲ್ಲಿ ಕಲ್ಲಿನ ಮೇಲೆ ಎತ್ತಿಟ್ಟು ಬಾಗಿಲು ತೆರೆದು ಬಿಡಿ. ತಿಂಗಳು ಒಂದೂವರೆ ತಿಂಗಳು ಬೇಕು. ಪಾಲಿಶ್ ಬಿಳಿಚಿಕೊಂಡಿದ್ದರೆ ಹೆದರಬೇಕಿಲ್ಲ. ಅರಗಿನ ಪಾಲಿಶ್ ಆದರೆ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಹಗುರಾಗಿ ಸವರಿದರೇ ಎಷ್ಟೋ ಸರಿಹೋಗುತ್ತದೆ.

ಸರಕಾರದ ಬಗ್ಗೆ ಒಂದು ಮಾತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆ ಸಮಿತಿ ಮಾಡಿದಾಗ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್ ಮತ್ತಿತರ ಎಲೆಕ್ಟ್ರಾನಿಕ್ಸ್, ಗೃಹಬಳಕೆಯ ಯಂತ್ರ, ವಾಹನ. ಮಂಚ, ಕಪಾಟಿನ ಹೆಸರು ಅಲ್ಲಿಲ್ಲ. ಭಾರತೀಯ ಮಾನಕ ಬ್ಯೂರೋ ಕುರ್ಚಿಗೆ ಐಎಸ್ 17632, ಮೇಜಿಗೆ 17633, ಕಪಾಟಿಗೆ 17634, ಮಂಚಕ್ಕೆ 17635 ಎಂದು ಮಾನಕ ಬರೆದಿದೆ. ಗಟ್ಟಿತನ, ಬಾಳಿಕೆಯ ಪರೀಕ್ಷೆಗಳು ಅದರಲ್ಲಿವೆ. ಅಂಗಡಿಯವರನ್ನು ಈ ಸಂಖ್ಯೆ ಹೇಳಿ ಕೇಳಿ.

ಅದಕ್ಕಿಂತ ಹತ್ತಿರದ ಆಯುಧ ಬಿಲ್ಲು. ‘ವಾರ್ಡ್‌ರೋಬ್ ಒಂದು’ ಎಂದಷ್ಟೇ ಬರೆದ ಬಿಲ್ಲಿನಿಂದ ಏನೂ ಆಗದು. ಯಾವ ಬೋರ್ಡು, ಯಾವ ದರ್ಜೆ, ಎಷ್ಟು ದಪ್ಪ, ಮರವಾದರೆ ಯಾವ ಮರ, ಫೋಮಿನ ಸಾಂದ್ರತೆ ಎಷ್ಟು, ಇಷ್ಟನ್ನು ಅಂಗಡಿಯವರ ಕೈಯಲ್ಲೇ ಬರೆಸಿಕೊಳ್ಳಿ. ಬರೆದದ್ದು ಒಂದು, ಒಳಗಿರುವುದು ಇನ್ನೊಂದು ಎಂದಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಸಾಮಾನು ಹುಬ್ಬಳ್ಳಿಯಲ್ಲೋ ಆನ್‌ಲೈನಿನಲ್ಲೋ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಐದು ಲಕ್ಷದವರೆಗಿನದಕ್ಕೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಬಹುದು.

ವಾರಂಟಿಯನ್ನು ತಿಂಗಳಲ್ಲಿ ಬರೆಯುವ ಬದಲು ಮಳೆಗಾಲದಲ್ಲಿ ಬರೆಯಿರಿ ಎಂದು ನಮ್ಮ ಜಿಲ್ಲೆಯ ಅಂಗಡಿಯವರನ್ನು ಕೇಳುತ್ತೇವೆ. ಪ್ಲೈವುಡ್ ಕಪಾಟಿಗೆ ಮೂರು ಮಳೆಗಾಲ ಎಂದು ಬರೆಯಲು ಹಿಂಜರಿಯುವವರಿಗೆ ತಾವು ಮಾರುವುದೇನೆಂದು ಚೆನ್ನಾಗಿ ಗೊತ್ತಿದೆ. ಕೊಳ್ಳುವವರೂ ಯುಗಾದಿ, ದೀಪಾವಳಿಯ ರಿಯಾಯಿತಿಗೆ ಕಾಯದೆ ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ಅಂಗಡಿಗೆ ಹೋಗಿ. ಆ ಹೊತ್ತಿಗೆ ಗೋದಾಮಿನಲ್ಲಿ ಎರಡು ತಿಂಗಳು ನಿಂತ ಕಪಾಟು ಎಲ್ಲವನ್ನೂ ತಾನೇ ಹೇಳುತ್ತದೆ. ಬಾಗಿಲು ನೆಲಕ್ಕೆ ಉಜ್ಜದೆ ತೆರೆದರೆ, ಡ್ರಾವರ್ ಒಂದು ಕೈಯಲ್ಲಿ ಬಂದರೆ, ಒಳಗೆ ಮೂಗು ಹಾಕಿದಾಗ ಮುಗ್ಗಲು ವಾಸನೆ ಇಲ್ಲದಿದ್ದರೆ ಮುಂಗಡ ಕೊಟ್ಟು ಬನ್ನಿ. ಸಾಮಾನನ್ನು ಮಾತ್ರ ಮಳೆ ನಿಂತ ಮೇಲೆ ತರಿಸಿಕೊಳ್ಳಿ.

ಇಂತಿ,
ಮರಗೆಲಸದವರ ಪರವಾಗಿ ಒಬ್ಬ ಆಚಾರಿ
ಕುಮಟಾ